ಉಗಿ ಇಂಜಿನ್ ಹತ್ತಿದ ಘಟ್ಟ: ತಾಳಗುಪ್ಪ, ಕ್ಯಾಸಲ್‌ರಾಕ್, ಕಾರವಾರ

ಗುರುವಾರ, ತಾಳಗುಪ್ಪ

ಶಿರಸಿ ಕಡೆಯವರಿಗೆ ರೈಲು ಅಂದ್ರೆ ಬೇರೆ ಊರಿಗೆ ಹೋಗಿ ಹತ್ತುವಂಥದ್ದು. ಬೆಂಗಳೂರಿಗಾದರೆ ತಾಳಗುಪ್ಪ ಇಲ್ಲವೇ ಹುಬ್ಬಳ್ಳಿ, ಮುಂಬೈಗಾದರೆ ಕುಮಟಾ. ಉತ್ತರ ಕನ್ನಡದ ನಕ್ಷೆ ಹರಡಿ ನೋಡಿದರೆ ಹಳಿಗಳೆಲ್ಲ ಅಂಚಿನಲ್ಲೇ ಇವೆ. ಕಡಲ ಪಕ್ಕ ಕೊಂಕಣ ರೈಲು. ಉತ್ತರದ ಮೂಲೆಯಲ್ಲಿ ಕ್ಯಾಸಲ್‌ರಾಕ್, ದಾಂಡೇಲಿ. ದಕ್ಷಿಣದ ಗಡಿ ದಾಟಿದ ಕೂಡಲೇ ತಾಳಗುಪ್ಪ. ನಡುವೆ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಒಂದು ಗೆರೆಯೂ ಇಲ್ಲ. ಯಾಕೆ ಹೀಗಾಯ್ತು ಅಂತ ಪುಸ್ತಕದಲ್ಲಿ ಅಲ್ಲಲ್ಲಿ ಓದಿದ್ದೆ. ಹಳಿ ಇರುವ ಕಡೆಯೆಲ್ಲ ಹೋಗಿ, ನಿಂತು, ಕೇಳಿ ಬರಬೇಕು ಅಂತ ಈ ಸಲ ಹೊರಟೆ.

ತಾಳಗುಪ್ಪ ಹತ್ತಿರದ್ದು, ಅಲ್ಲಿಂದಲೇ ಶುರು ಮಾಡಿದೆ. ಸಿದ್ದಾಪುರ ದಾಟಿ ಸ್ವಲ್ಪ ಹೊತ್ತಿಗೆ ಸಾಗರ ತಾಲೂಕು. ಸ್ಟೇಷನ್ ಈಗ ಬ್ರಾಡ್ ಗೇಜಿನದ್ದು, ಅಂದರೆ ಅಗಲ ಹಳಿಯದ್ದು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದಿದ್ದ ಮೈಸೂರು ಸಂಸ್ಥಾನದ ಮೀಟರ್ ಗೇಜು, ಅಂದರೆ ಒಂದು ಮೀಟರ್ ಅಗಲದ ಹಳಿ, ಇಲ್ಲಿಗೆ ಮುಟ್ಟಿದ್ದು 1940ರಲ್ಲಿ. ಆಗ ಜೋಗದಲ್ಲಿ ವಿದ್ಯುತ್ ಕೇಂದ್ರದ ಕೆಲಸ ನಡೆದಿತ್ತು. ಅಷ್ಟು ಭಾರದ ಯಂತ್ರಗಳನ್ನು ಎತ್ತಿನ ಗಾಡಿಯಲ್ಲಿ ತರಲು ಆಗುತ್ತಿರಲಿಲ್ಲ. ಮುಂದೆ ಗಾಡಿಗಳು ಕಮ್ಮಿಯಾಗಿ, ಬಸ್ಸಿನ ಹಾಗಿದ್ದ ರೈಲ್‌ಬಸ್ ಈ ದಾರಿಯಲ್ಲಿ ವರ್ಷಗಟ್ಟಲೆ ಓಡಿತು. ನಮ್ಮ ಕಡೆಯ ಹಿರಿಯರು ಇವತ್ತಿಗೂ ಅದನ್ನು ನೆನೆಯುತ್ತಾರೆ. 2011ರ ಹೊತ್ತಿಗೆ ಬ್ರಾಡ್ ಗೇಜ್ ಆಯಿತು.

ಪ್ಲಾಟ್‌ಫಾರ್ಮಿನ ತುದಿಗೆ ನಡೆದು ಹಳಿ ಮುಗಿಯುವ ಜಾಗ ನೋಡಿದೆ. ಇಲ್ಲಿಂದ ಹೊನ್ನಾವರಕ್ಕೆ ಹಳಿ ಹಾಕುವ ಮಾತು ಬಹಳ ಹಳೆಯದು. ನಕ್ಷೆಯಲ್ಲಿ ದೂರ ಏನೂ ಜಾಸ್ತಿ ಇಲ್ಲ. ಆದರೆ ಶರಾವತಿ ಜೋಗದಲ್ಲಿ ಒಂದೇ ಏಟಿಗೆ 250 ಮೀಟರಿಗೂ ಜಾಸ್ತಿ ಧುಮುಕುತ್ತದೆ. ನೀರು ಧುಮುಕಬಹುದು, ಗಾಡಿ ಧುಮುಕುವ ಹಾಗಿಲ್ಲ ಅಲ್ವಾ. ಆ ಇಳಿಜಾರನ್ನು ಕಾಡಿನೊಳಗೆ ಮೈಲಿಗಟ್ಟಲೆ ಸುತ್ತಿಸಿಯೇ ಇಳಿಯಬೇಕು. ಸಂಜೆ ಬಸ್ಸಿಗೆ ಶಿರಸಿಗೆ ವಾಪಸ್.

ಶುಕ್ರವಾರ, ದಾಂಡೇಲಿ, ಅಳ್ನಾವರ

ಯಲ್ಲಾಪುರದ ಮೇಲೆ ದಾಂಡೇಲಿ. ಇಲ್ಲಿನ ಸ್ಟೇಷನ್ ಅಂಬೇವಾಡಿಯಲ್ಲಿದೆ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಅಳ್ನಾವರದಿಂದ ಇಲ್ಲಿಗೆ ಬಂದ ಮೀಟರ್ ಗೇಜ್ ಹಳಿ ಜನರಿಗೆ ಅಂತ ಹಾಕಿದ್ದಲ್ಲ, ಮರಕ್ಕೆ. ಸಾಗವಾನಿ, ಮತ್ತಿ, ನಂದಿ ದಿಮ್ಮಿಗಳು ಕಾಡಿನಿಂದ ಡಿಪೋಕ್ಕೆ, ಡಿಪೋದಿಂದ ವ್ಯಾಗನ್ನಿಗೆ. ಆಗ ಹಳಿಯ ಕೆಳಗೆ ಹಾಸುವ ಸ್ಲೀಪರ್ ಕೂಡ ಮರದ್ದೇ. ಅಂದರೆ ರೈಲು ಬೆಳೆಯಬೇಕಾದರೆ ಕಾಡು ಬೇಕಿತ್ತು, ಕಾಡಿನ ಮರ ಸಾಗಿಸಲು ರೈಲು ಬೇಕಿತ್ತು. 1950ರ ದಶಕದಲ್ಲಿ ಪೇಪರ್ ಮಿಲ್ ಬಂದ ಮೇಲೆ ಸರಕು ಇನ್ನೂ ಹೆಚ್ಚಿತು.

ಗೇಜ್ ಬದಲಾದ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ ಇಲ್ಲಿ ಪ್ಯಾಸೆಂಜರ್ ಗಾಡಿ ಇರಲಿಲ್ಲ. 2019ರ ನವೆಂಬರಿನಲ್ಲಿ ಧಾರವಾಡದಿಂದ ಒಂದು ಬಿಟ್ಟರು, ಕೆಲವೇ ತಿಂಗಳಿಗೆ ಕೊರೋನಾ ಬಂತು. ನಾನು ಬಸ್ಸಿಗೇ ಅಳ್ನಾವರಕ್ಕೆ ಹೋದೆ.

ಅಲ್ಲಿ ನನ್ನ ಗೆಳೆಯನ ಮನೆ. ಅವನ ತಂದೆ ರೈಲ್ವೆಯಲ್ಲಿದ್ದವರು. ಲೋಕೋ ಶೆಡ್ಡಿನಲ್ಲಿ ಕ್ಲೀನರ್ ಆಗಿ ಸೇರಿ, ಉಗಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ, ಆಮೇಲೆ ಡೀಸೆಲ್ ಗಾಡಿ ಓಡಿಸಿ ನಿವೃತ್ತರಾದವರು. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಊಟದ ಹೊತ್ತಿಗೆ ಕ್ಯಾಸಲ್‌ರಾಕಿಗೆ ಹೋಗುವ ವಿಷಯ ತೆಗೆದೆ. "ಒಬ್ಬನ ಹೋಗಿ ಏನ್ ನೋಡ್ತಿ ತಮ್ಮಾ? ನಾನೂ ಬರ್ತೇನಿ" ಅಂದರು. ಕಾಕೂ ಅವರ ಮಂಡಿನೋವಿನ ಮಾತೆತ್ತಿದರು. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ, ಕ್ಯಾಸಲ್‌ರಾಕ್

ಬೆಳಿಗ್ಗೆ ಅಳ್ನಾವರದಲ್ಲಿ ಗಾಡಿ ಹತ್ತಿ ಲೋಂಡಾ. ಅಲ್ಲಿಂದ ದಾರಿ ಎರಡಾಗುತ್ತದೆ, ಒಂದು ಬೆಳಗಾವಿ ಕಡೆಗೆ, ಇನ್ನೊಂದು ಗೋವಾ ಕಡೆಗೆ. ತಿನೈಘಾಟ್ ದಾಟಿದ ಮೇಲೆ ಎರಡೂ ಬದಿ ಬರೀ ಕಾಡು.

ಕ್ಯಾಸಲ್‌ರಾಕ್ ಜೋಯಿಡಾ ತಾಲೂಕಿನ ಊರು. ಊರು ಸಣ್ಣದು, ಸ್ಟೇಷನ್ ಮಾತ್ರ ದೊಡ್ಡದು. ಸಾಲು ಸಾಲು ಹಳಿಗಳು, ಉದ್ದನೆಯ ಯಾರ್ಡು. ಇದು ಎರಡು ರಾಜ್ಯಗಳ ಗಡಿಯಾಗಿತ್ತು ಅಂತ ತಿಳಿದರೆ ಆ ದೊಡ್ಡತನಕ್ಕೆ ಕಾರಣ ಗೊತ್ತಾಗುತ್ತದೆ. ಈಚೆ ಬ್ರಿಟಿಷರ ಸದರ್ನ್ ಮರಾಠಾ ರೈಲ್ವೆ, ಆಚೆ ಪೋರ್ಚುಗೀಸರ ನೆಲ.

1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಗೋವೆಯ ಉಪ್ಪಿನ ಮೇಲೆ ಬ್ರಿಟಿಷರಿಗೆ ಹಿಡಿತ, ಬದಲಿಗೆ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ, ಜೊತೆಗೆ ಮುರ್ಮುಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು. ಬಂಡವಾಳ ಹಾಕಿದವರಿಗೆ ಬಡ್ಡಿಯ ಖಾತರಿ ಕೊಟ್ಟದ್ದು ಪೋರ್ಚುಗಲ್. ಕಂಪನಿ ಹುಟ್ಟಿದ್ದು ಲಂಡನ್ನಿನಲ್ಲಿ, 1881ರಲ್ಲಿ. ಬಂದರಿನಿಂದ ಕ್ಯಾಸಲ್‌ರಾಕಿನವರೆಗೆ 82 ಕಿ.ಮೀ. ಮೀಟರ್ ಗೇಜು. 1887ರಲ್ಲಿ ಕೆಳಗಿನ ಭಾಗ ಶುರುವಾಗಿ, 1888ರಲ್ಲಿ ಘಟ್ಟವೂ ಸೇರಿತು. ಈ ಕಡೆ ಸದರ್ನ್ ಮರಾಠಾದವರು 1882ರಿಂದ ಕೆಲಸ ಹಿಡಿದು, ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ಅಂತ ಹಳಿ ಹಾಕುತ್ತ ಬಂದರು. ಹುಬ್ಬಳ್ಳಿಯ ವರ್ಕ್‌ಶಾಪ್ ಕೂಡ ಅದೇ ಕಾಲದ್ದು. 1902ರಿಂದ ಗೋವಾ ಬದಿಯ ಹಳಿಯನ್ನೂ ಅವರೇ ನಡೆಸಿದರು. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಅಂದರೆ ಎಂ ಅಂಡ್ ಎಸ್‌ಎಂ ಆಯಿತು. ಹುಬ್ಬಳ್ಳಿ ಕಡೆಯ ಹಳೇ ಮಂದಿಯ ಬಾಯಲ್ಲಿ ಆ ಹೆಸರು ಇನ್ನೂ ಇದೆ.

ಮುಂದೆ 1955ರ ಆಗಸ್ಟ್ 15ರ ಗೋವಾ ಸತ್ಯಾಗ್ರಹದಲ್ಲಿ ಈ ಹಳಿ ಹಿಡಿದೂ ಸತ್ಯಾಗ್ರಹಿಗಳು ಗಡಿ ದಾಟಲು ಹೋದರು. ಅದರ ಬೆನ್ನಿಗೇ ಗೋವಾಕ್ಕೆ ಗಾಡಿ ನಿಂತಿತು. 1961ರಲ್ಲಿ ಗೋವಾ ಬಿಡುಗಡೆಯಾಗುವ ತನಕ ಕ್ಯಾಸಲ್‌ರಾಕೇ ಕೊನೆ.

ಇದನ್ನೆಲ್ಲ ನಾನು ಹೇಳುತ್ತಿದ್ದರೆ ಕಾಕಾ ಸುಮ್ನೆ ಕೇಳುತ್ತಿದ್ದರು. ಆಮೇಲೆ ಪ್ಲಾಟ್‌ಫಾರ್ಮಿನ ಕೊನೆಗೆ ಕರೆದುಕೊಂಡು ಹೋಗಿ, ಕೆಳಗೆ ಇಳಿಯುವ ಹಳಿ ತೋರಿಸಿದರು. "ಇದ ನೋಡು. ಒಂದಕ್ಕ ಮೂವತ್ತೇಳು."

37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ, ನಮ್ಮ ದೇವಿಮನೆ ಘಟ್ಟದಲ್ಲಿ ಇದಕ್ಕಿಂತ ಕಡಿದಾದ ಏರು ಬೇಕಾದಷ್ಟಿದೆ. ಆದರೆ ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಉರುಳುವಾಗ ಹಿಡಿತ ಬಹಳ ಕಮ್ಮಿ. ಮಳೆಗಾಲದಲ್ಲಿ ಹಳಿ ಒದ್ದೆ, ಮೇಲೆ ಕೊಳೆತ ಎಲೆ. ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದಕ್ಕೇ ಇಂಜಿನ್ನಿನಲ್ಲಿ ಮರಳಿನ ಪೆಟ್ಟಿಗೆ ಇರುತ್ತಿತ್ತು, ಚಕ್ರದ ಮುಂದೆ ಹಳಿಗೆ ಮರಳು ಬೀಳುತ್ತಿತ್ತು. ಮರಳು ಒಣಗಿರಬೇಕು, ಒದ್ದೆಯಾದರೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಕ್ಲೀನರ್ ಆಗಿದ್ದಾಗ ಮರಳು ಹುರಿದು ಜರಡಿ ಹಿಡಿಯುವುದೂ ಕಾಕಾನ ಕೆಲಸವೇ ಆಗಿತ್ತು.

ಅವರು ಬೆಂಕಿ ಹಾಕಿದ್ದು ವೈಜಿ ಇಂಜಿನ್ನಿಗೆ. ಮೀಟರ್ ಗೇಜಿನ ಗೂಡ್ಸ್ ಇಂಜಿನ್ ಅದು. ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಇದ್ದವು, ಜಮ್‌ಶೆಡ್‌ಪುರದ ಟೆಲ್ಕೋದಲ್ಲೂ ತಯಾರಾಗುತ್ತಿದ್ದವು. ಎಳೆಯುವ ಚಕ್ರ ಎಂಟು, ಒಂದೊಂದೂ 4 ಅಡಿಯದ್ದು. ಪ್ಯಾಸೆಂಜರ್ ಗಾಡಿಯ ವೈಪಿಗೆ ಆರೇ ಚಕ್ರ, ಆದರೆ ನಾಲ್ಕೂವರೆ ಅಡಿ. ಚಕ್ರ ಸಣ್ಣದಾದಷ್ಟು ಎಳೆತ ಜಾಸ್ತಿ, ಓಟ ಕಮ್ಮಿ. ಎಂಟು ಚಕ್ರಕ್ಕೆ ಭಾರ ಹಂಚಿದ್ದರಿಂದ ಹಳಿಯ ಹಿಡಿತವೂ ಜಾಸ್ತಿ.

ಬೆಂಕಿ ಹಾಕುವುದನ್ನು ಕೇಳಿದಾಗ ಕಾಕಾ ಎದ್ದು ನಿಂತರು. ಕೈಯಲ್ಲಿದ್ದ ಕೊಡೆಯೇ ಸಲಿಕೆ. ಎಡಗಾಲು ಮುಂದೆ, ಬಲಗಾಲು ಹಿಂದೆ. ಟೆಂಡರ್, ಅಂದರೆ ಇಂಜಿನ್ನಿನ ಹಿಂದಿನ ಕಲ್ಲಿದ್ದಲಿನ ಡಬ್ಬಿಯ ಕಡೆ ತಿರುಗಿ ತುಂಬಿಕೊಳ್ಳುವುದು, ಅರ್ಧ ಸುತ್ತು ತಿರುಗಿ ಬೆಂಕಿಬಾಗಿಲಿಗೆ ಎಸೆಯುವುದು. ಎಸೆಯುವಾಗ ಮಣಿಕಟ್ಟು ಹೊರಳುತ್ತದೆ. ಕೊಡೆಯ ತುದಿ ಎಡಕ್ಕೆ ಹೊರಳಿದರೆ ಕಲ್ಲಿದ್ದಲು ಎಡಮೂಲೆಗೆ, ಬಲಕ್ಕೆ ಹೊರಳಿದರೆ ಬಲಮೂಲೆಗೆ. "ಮೊದಲ ಹಿಂದಿನ ಎರಡೂ ಮೂಲಿ. ಆಮ್ಯಾಲೆ ಬಾಜೂಕ. ಕಡೀಕ ಮುಂದ. ತೆಳ್ಳಗ ಹಾಕಬೇಕು. ದಪ್ಪ ಹಾಕಿದ್ರ ಕರೀ ಹೊಗಿ ಬರ್ತದ, ಸ್ಟೀಮ್ ಬೀಳ್ತದ, ಡ್ರೈವರ್ ಬೈತಾನ." ಇಷ್ಟು ವರ್ಷದ ಮೇಲೂ ಕಾಲು ಇಡುವ ಜಾಗ ಒಂದಿಂಚು ತಪ್ಪಲಿಲ್ಲ. ಬೆಂಚಿನ ಮೇಲೆ ಮಲಗಿದ್ದ ಗ್ಯಾಂಗ್‌ಮನ್ ಒಬ್ಬರು ಎದ್ದು ಕೂತು ನೋಡಿದರು, ಆಮೇಲೆ ಹತ್ತಿರ ಬಂದು ಅವರೇ ಚಹಾ ತರಿಸಿದರು.

ಘಟ್ಟದಲ್ಲಿ ಬೆಂಕಿಗಿಂತ ನೀರಿನ ಲೆಕ್ಕ ಕಷ್ಟ ಅಂತೆ. ಬಾಯ್ಲರಿನಲ್ಲಿ ಬೆಂಕಿಪೆಟ್ಟಿಗೆಯ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಹತ್ತುವಾಗ ಇಂಜಿನ್ ಮೂತಿ ಮೇಲಕ್ಕೆ, ನೀರು ಹಿಂದಕ್ಕೆ ಸರಿದು ನೆತ್ತಿಯ ಮೇಲೆ ತುಂಬ ಇರುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲೂ ಹಾಗೇ ಕಾಣುತ್ತದೆ. ತುದಿ ದಾಟಿ ಮೂತಿ ಕೆಳಗಾದ ಕೂಡಲೇ ನೀರು ಮುಂದಕ್ಕೆ ಓಡುತ್ತದೆ, ಗಾಜಿನಲ್ಲಿ ಸರ್ರನೆ ಇಳಿಯುತ್ತದೆ. ನೆತ್ತಿ ಬರಿದಾದರೆ ತಗಡು ಕಾದು ಮೆತ್ತಗಾಗಿ ಬಾಯ್ಲರೇ ಸಿಡಿಯಬಹುದು. ಅದಕ್ಕೆ ನೆತ್ತಿಯಲ್ಲಿ ಸೀಸ ತುಂಬಿದ ಪ್ಲಗ್ ಇಟ್ಟಿರುತ್ತಾರೆ. ನೀರು ಕಮ್ಮಿಯಾದರೆ ಮೊದಲು ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಬಾಯ್ಲರ್ ಉಳಿಯುತ್ತದೆ. "ನೌಕರೀದು ಮಾತ್ರ ಹೇಳಾಕ ಬರಂಗಿಲ್ಲ" ಅಂದರು ಕಾಕಾ. ಈ ಭಯ ಅವರಿಗೆ ಪ್ರತಿದಿನದ್ದು. ಘಟ್ಟದ ಗಾಡಿಗಳ ಬಗ್ಗೆ ನಾವು ಜಲಪಾತದ ಫೋಟೋ ಹಾಕಿ ಬರೆಯುತ್ತೇವೆ. ಗಾಜಿನ ಕೊಳವೆಯ ಮೇಲೆ ಕಣ್ಣಿಟ್ಟು ನಿಂತವರ ಬಗ್ಗೆ ಬರೆದದ್ದು ತೀರಾ ಕಮ್ಮಿ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ರಾತ್ರಿ ಊರಿನಲ್ಲೇ ಒಂದು ಮನೆಯಲ್ಲಿ ಉಳಿದೆವು.

ಭಾನುವಾರ, ಘಟ್ಟ ಇಳಿದು ಮಡಗಾಂವ್

ಗಾಡಿ ಎರಡು ತಾಸು ತಡ. ಬಂದ ಮೇಲೂ ಕೂಡಲೇ ಹೊರಡಲಿಲ್ಲ, ಬ್ರೇಕ್ ಪರೀಕ್ಷೆ ಮಾಡಿದ ಮೇಲೇ ಬಿಡುವುದು. ಕ್ಯಾಸಲ್‌ರಾಕಿನಿಂದ ಕುಳೆಮಿಗೆ ಸುಮಾರು 26 ಕಿ.ಮೀ. ಹಳಿ ಗುಡ್ಡದ ಮೈಗೆ ಅಂಟಿಕೊಂಡು, ಸುರಂಗ ಹೊಕ್ಕು, ಕಣಿವೆ ದಾಟಿ ಇಳಿಯುತ್ತದೆ. ಕಾರಂಜೋಲ್ ಆಯಿತು, ದೂಧಸಾಗರ ಬಂತು. 300 ಮೀಟರಿಗೂ ಎತ್ತರದ ನೀರು, ಅದರ ಎದುರಿಗೇ ಸೇತುವೆ. ಡಬ್ಬಿಯವರೆಲ್ಲ ಬಾಗಿಲಿಗೆ ಮುತ್ತಿದರು. ಹಳಿಯ ಮೇಲೆ ನಡೆದು ಜಲಪಾತಕ್ಕೆ ಹೋಗುವುದಕ್ಕೆ ರೈಲ್ವೆ ನಿಷೇಧವಿದೆ, ದಯವಿಟ್ಟು ಯಾರೂ ಹೋಗಬೇಡಿ. ತಿರುವಿನಲ್ಲಿ ಗಾಡಿ ಬರುವುದು ಕಾಣುವುದೇ ಇಲ್ಲ.

ಕಾಕಾ ಜಲಪಾತ ನೋಡಲಿಲ್ಲ. ಹಳಿಯ ಪಕ್ಕ ಕವಲೊಡೆದು ಗುಡ್ಡದ ಕಡೆ ಏರಿ ಹೋಗುವ ಇನ್ನೊಂದು ಹಳಿ ತೋರಿಸಿದರು. ಬ್ರೇಕ್ ಹಿಡಿಯದೆ ಓಡಿ ಬಂದ ಗಾಡಿಯನ್ನು ಮೇಲಕ್ಕೆ ಹಾಯಿಸಿ ನಿಲ್ಲಿಸಲು ಮಾಡಿದ ಕ್ಯಾಚ್ ಸೈಡಿಂಗ್ ಅದು. ಹತ್ತುವುದಕ್ಕೆ ಶಕ್ತಿ ಬೇಕು, ಇಳಿಯುವುದಕ್ಕೆ ಹಿಡಿತ ಬೇಕು. ವ್ಯಾಕ್ಯೂಮ್ ಬ್ರೇಕಿನ ಕಾಲದಲ್ಲಿ ಗೂಡ್ಸ್ ಇಳಿಸುವಾಗ ವ್ಯಾಗನ್ನುಗಳ ಕೈಬ್ರೇಕನ್ನೂ ಬಿಗಿದು ಬಿಡುತ್ತಿದ್ದರು.

ಎದುರಿನಿಂದ ಹತ್ತುತ್ತಿದ್ದ ಗೂಡ್ಸ್ ಒಂದು ಸ್ಟೇಷನ್ನಿನಲ್ಲಿ ಸಿಕ್ಕಿತು. ಮುಂದೆಯೂ ಇಂಜಿನ್, ಹಿಂದೆಯೂ ಇಂಜಿನ್. ಉಗಿಯ ಕಾಲದ ಪದ್ಧತಿ ಇವತ್ತಿಗೂ ಹಾಗೇ ಇದೆ, ಯಾಕಂದ್ರೆ ಏರು ಬದಲಾಗಿಲ್ಲ. ಆಗ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ನಿನವರ ಪಾಡು ಕೇಳಬೇಕು. ಸುರಂಗದೊಳಗೆ ಮುಂದಿನ ಇಂಜಿನ್ ಬಿಟ್ಟ ಹೊಗೆಯೆಲ್ಲ ಇವರ ಮುಖಕ್ಕೆ, ಅದರ ಮೇಲೆ ಇವರದ್ದೇ ಹೊಗೆ. ಪಂಜೆ ಒದ್ದೆ ಮಾಡಿ ಮೂಗು ಬಾಯಿಗೆ ಕಟ್ಟಿಕೊಂಡು, ತಗ್ಗಿ ಕೂರುತ್ತಿದ್ದರು. "ಹೊರಗ ಬಂದ ಮ್ಯಾಲೆ ಒಬ್ಬರ ಮಾರಿ ಒಬ್ಬರು ನೋಡ್ಕೋತಿದ್ವಿ" ಅಂದರು ಕಾಕಾ, ಮತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

1990ರ ದಶಕದಲ್ಲಿ ಈ ಹಳಿ ಬ್ರಾಡ್ ಗೇಜ್ ಆಯಿತು. ಕೆಳಗಿನಿಂದ ಕಲ್ಲಿದ್ದಲು ಮೇಲೆ ಬರುತ್ತದೆ, ಬಳ್ಳಾರಿ ಕಡೆಯ ಅದಿರು ಕೆಳಗೆ ಇಳಿದಿದೆ. ಇಲ್ಲಿ ಜೋಡಿ ಹಳಿ ಹಾಕಲು ಹೊರಟಾಗ, ಅದಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ಕಾಡನ್ನು ಕಿಟಕಿಯಿಂದ ಕಂಡ ಮೇಲೆ ಅದು ಸರಿಯಾದ ತೀರ್ಮಾನ ಅಂತಲೇ ನನಗೆ ಅನ್ನಿಸಿತು.

ಕುಳೆಮ್ ದಾಟಿದ ಮೇಲೆ ಸಮತಟ್ಟು. ಮಡಗಾಂವಿನಲ್ಲಿ ಇಳಿದು ಮಲಗಿದ್ದೇ ಗೊತ್ತು.

ಸೋಮವಾರ, ಕಾರವಾರ

ಬೆಳಗಿನ ಗಾಡಿಗೆ ಕಾರವಾರ. ಅಸ್ನೋಟಿ ಆದ ಮೇಲೆ ಕಾಳಿ ನದಿಯ ಉದ್ದನೆಯ ಸೇತುವೆ. ಕೆಳಗೆ ಅಗಲವಾದ ನೀರು, ದೂರದಲ್ಲಿ ಸದಾಶಿವಗಡದ ಗುಡ್ಡ. ಸ್ಟೇಷನ್ ಶಿರವಾಡದಲ್ಲಿ, ಪೇಟೆಯಿಂದ ದೂರ. ರಿಕ್ಷಾ ಹಿಡಿದು ಬೈತಖೋಲ್ ಬಂದರಿಗೆ ಹೋದೆವು.

ಈ ಊರಿನ ರೈಲಿನ ಕತೆ ಶುರುವಾಗುವುದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಎಲ್ಲರ ಕಣ್ಣು ಧಾರವಾಡದ ಹತ್ತಿಯ ಮೇಲೆ. ಅದನ್ನು ಹಡಗಿಗೆ ಮುಟ್ಟಿಸಲು ಒಳ್ಳೇ ಬಂದರು ಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, ಅದರ ಹಿಂದೆ ಕಾರವಾರ ಬಂದರಿನ ಆಸೆ ಇತ್ತು. ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಸದಾಶಿವಗಡಕ್ಕೆ ಕಳಿಸಿತು. 1864ರಲ್ಲಿ ಆಯ್ಸ್ಟರ್ ರಾಕ್ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಕಾರವಾರದಿಂದ ಹುಬ್ಬಳ್ಳಿ ಕಡೆಗೆ ರೈಲು ಹಾಕಲು ಸರ್ವೆ ಆಯಿತು, ಪತ್ರ ವ್ಯವಹಾರ ನಡೆಯಿತು. ಅಷ್ಟರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿತು. ಘಟ್ಟ ಹತ್ತಿಸುವ ಖರ್ಚು ಇಲ್ಲಿ ಬ್ರಿಟಿಷ್ ಸರ್ಕಾರದ್ದು, ಗೋವೆಯಲ್ಲಾದರೆ ಪೋರ್ಚುಗಲಿನದ್ದು. ನಿನ್ನೆ ಇಳಿದು ಬಂದ ಹಳಿ ಎದ್ದದ್ದು ಹಾಗೆ. ಅಲ್ಲಿ ಗಾಡಿ ಓಡಲು ಶುರುವಾದ ಮೇಲೆ ಕಾರವಾರದ ವ್ಯಾಪಾರ ಇಳಿಯಿತು.

ಬಂದರಿನ ಕಟ್ಟೆಯ ಮೇಲೆ ನಿಂತು ನೋಡಿದರೆ ಸುತ್ತ ಗುಡ್ಡ, ಎದುರಿಗೆ ದ್ವೀಪಗಳು, ಒಳಗೆ ಶಾಂತ ನೀರು. ಜಾಗದಲ್ಲಿ ಯಾವ ಕೊರತೆಯೂ ಇಲ್ಲ. ಇಂಥ ಬಂದರಿಗೆ ಇವತ್ತಿಗೂ ಹಳಿ ಇಲ್ಲ. ಇದನ್ನು ನೋಡಿ ನನಗಾದ ಸಂಕಟ ಸಣ್ಣದಲ್ಲ.

ಕಾರವಾರಕ್ಕೆ ಕೊನೆಗೂ ರೈಲು ಬಂದದ್ದು ಪೂರ್ವದಿಂದಲ್ಲ, ಉತ್ತರ ದಕ್ಷಿಣವಾಗಿ. ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಮುಂದೆ ನಿಂತು ಕಟ್ಟಿಸಿದರು. ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಹಣ ಹಾಕಿದವು. 1998ರ ಜನವರಿ 26ಕ್ಕೆ ಪೂರ್ತಿ ದಾರಿ ತೆರೆಯಿತು. ಈ ಹಳಿ ಉಗಿ ಇಂಜಿನ್ ಕಂಡದ್ದೇ ಅಲ್ಲ. ಡೀಸೆಲ್ಲಿನಿಂದ ಶುರುವಾಗಿ, 2022ರಲ್ಲಿ ಪೂರ್ತಿ ವಿದ್ಯುತ್ತಿಗೆ ಬಂತು.

ಮಂಗಳವಾರ, ಹೊನ್ನಾವರ, ಕುಮಟಾ

ಕಾರವಾರದಿಂದ ಹೊನ್ನಾವರದ ತನಕ ಕಾಕಾ ಕಿಟಕಿ ಬಿಡಲಿಲ್ಲ. ಇಲ್ಲಿನ ಏರು ಎಲ್ಲೂ 150ಕ್ಕೆ 1ರ ಮೇಲಿಲ್ಲ ಅಂತ ಹೇಳಿದಾಗ ನಂಬಲಿಲ್ಲ. ಹಳೇ ಇಂಜಿನಿಯರುಗಳು ಗುಡ್ಡ ಬಂದರೆ ಅದರ ಮೈ ಬಳಸಿ ಹತ್ತಿಸಿದರು. ಇವರು ಗುಡ್ಡದ ಹೊಟ್ಟೆಯಲ್ಲೇ ಹಾಯಿಸಿದರು. ಕಾರವಾರದ ಸುರಂಗ ಒಂದೇ ಸುಮಾರು 3 ಕಿ.ಮೀ. ಒಳಗೆ ಹೊಕ್ಕಾಗ ಕಾಕಾ ಗಡಿಯಾರ ನೋಡುತ್ತ ಕೂತರು. ಹೊರಗೆ ಬಂದಾಗ, "ಹೊಗಿ ಇಲ್ಲ, ಏನಿಲ್ಲ" ಅಂತ ಎರಡು ಸಲ ಹೇಳಿದರು.

ಗಂಗಾವಳಿ, ಅಘನಾಶಿನಿ ದಾಟಿ ಹೊನ್ನಾವರದಲ್ಲಿ ಶರಾವತಿ. 2 ಕಿ.ಮೀ.ಗಿಂತ ಉದ್ದದ ಸೇತುವೆ, ಕೊಂಕಣ ರೈಲಿನ ಸೇತುವೆಗಳಲ್ಲಿ ಇದೇ ಉದ್ದನೆಯದು. ತಾಳಗುಪ್ಪದ ಹತ್ತಿರ ಧುಮುಕುವ ನದಿಯೇ ಇಲ್ಲಿ ಸಾವಕಾಶ ಹರಿಯುತ್ತದೆ. ಸೇತುವೆ ದಾಟಿಸುವ ಗಾಡಿಯಲ್ಲಿ ಮಂಕಿಯವರೆಗೆ ಹೋಗಿ, ವಾಪಸ್ ಬಸ್ಸಿಗೆ ಕುಮಟಾಕ್ಕೆ ಬಂದೆವು.

ರೈಲು ಬರುವ ಮೊದಲು ಧಾರವಾಡದ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಇದೇ ಕುಮಟಾದಿಂದ ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ಇತ್ತು. ಆ ದಾರಿಯಲ್ಲಿ ಹಳಿ ಬೀಳಲಿಲ್ಲ. ಈಗಿರುವ ಆಸೆ ಹುಬ್ಬಳ್ಳಿ–ಅಂಕೋಲಾ. 1990ರ ದಶಕದ ಕೊನೆಗೆ ಮಂಜೂರಾದ ಸುಮಾರು 165 ಕಿ.ಮೀ. ದಾರಿ, ಯಲ್ಲಾಪುರದ ಕಾಡಿನ ನಡುವೆ. ಅರಣ್ಯದ ತಕರಾರು, ಕೋರ್ಟು ಅಂತ ನಿಂತು ನಿಂತು ಸಾಗುತ್ತಿದೆ. ಶಿರಸಿಯವನಾಗಿ ನನಗೂ ಹತ್ತಿರದಲ್ಲಿ ರೈಲು ಬೇಕು. ಆದರೆ ಒಮ್ಮೆ ದಾಂಡೇಲಿಯ ಹಳಿ ಎಷ್ಟು ಮರ ಸಾಗಿಸಿತು ಅಂತ ನೆನೆದರೆ, ಇರುವ ಕಾಡನ್ನು ಕಡಿದು ಹಾಕುವ ಹಳಿಗೆ ಹೌದು ಅನ್ನಲು ನನ್ನಿಂದ ಆಗುವುದಿಲ್ಲ. ಸುರಂಗ ಜಾಸ್ತಿ, ಕಡಿತ ಕಮ್ಮಿ ಆಗುವ ದಾರಿ ಸಿಕ್ಕರೆ ನೋಡೋಣ.

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುವಾಗ ಕಾಕಾ ತಮ್ಮ ಜೊತೆ ಕೆಲಸ ಮಾಡಿದವರ ಹೆಸರು ಹೇಳುತ್ತ ಹೋದರು. ಲೋಂಡಾದಲ್ಲಿ ಇಬ್ಬರು ಇದ್ದಾರಂತೆ, ಹುಬ್ಬಳ್ಳಿಯಲ್ಲಿ ಒಬ್ಬರು ಬ್ಯಾಂಕರ್ ಇಂಜಿನ್ನಿನ ಡ್ರೈವರ್. ದೀಪಾವಳಿ ಮುಗಿದ ಮೇಲೆ ರೆಕಾರ್ಡರ್ ಹಿಡಿದುಕೊಂಡು ಹೋಗುವುದು ಅಂತ ಮಾತಾಗಿದೆ. ಕ್ಯಾಸಲ್‌ರಾಕ್, ಲೋಂಡಾ ಶೆಡ್ಡುಗಳಲ್ಲಿ ದುಡಿದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಅವರ ಮಾತನ್ನು ನೀವೂ ಬರೆದಿಟ್ಟುಕೊಳ್ಳಿ. ಮರಳು ಹೇಗೆ ಹುರಿದರು, ಸುರಂಗದಲ್ಲಿ ಹೇಗೆ ಕೂತರು, ಯಾವ ತಿರುವಿನಲ್ಲಿ ಚಕ್ರ ಜಾರುತ್ತಿತ್ತು, ಎಲ್ಲ ಕೇಳಿ.